ಓ ಎನ್ನದ ಬೀದಿ

ಅಮೃತಹಳ್ಳಿಯ ಹಿಂದೆ, ಕೆರೆಯ ಕಡೆಗೆ ಇಳಿಯುವ ಕೋಡಿಬೀದಿಯಲ್ಲಿ ಆ ಸಂಜೆ ಮೊಣಕಾಲುದ್ದ ನೀರು ನಿಂತಿತ್ತು. ಮೇಲಿನ ಅಪಾರ್ಟ್‌ಮೆಂಟುಗಳ ಮಳೆನೀರೆಲ್ಲ ಹಳೇ ಊರಿಗೇ ನುಗ್ಗಿತ್ತು. ಕರೆಂಟು ಹೋಗಿತ್ತು. ನೀರು ಬೇಗ ಇಳಿಯಲೆಂದು, ಬೀದಿಯ ಒಂದು ಕಟ್ಟಡದ ಕೆಳಗಡೆ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದ ನಾಸಿರ್ ಹಾರೆ ಹಾಕಿ ಒಳಚರಂಡಿ ಚೇಂಬರಿನ ಕಬ್ಬಿಣದ ಮುಚ್ಚಳ ಎತ್ತಿದ್ದ. ಗುಂಡಿ ಇರುವುದು ಗೊತ್ತಾಗಲೆಂದು ಅದರ ಬಾಯಿಗೆ ಒಂದು ಬೇವಿನ ಕೊಂಬೆ ಸಿಕ್ಕಿಸಿ ಬಂದಿದ್ದ.

ಅದೇ ಕಟ್ಟಡದ ಎರಡನೇ ಮಹಡಿಯ ಬಾಡಿಗೆಮನೆಗೆ ಹೊಸದಾಗಿ ಬಂದಿದ್ದ ದಿವ್ಯ ಒಬ್ಬಳೇ ಇರಲಾರದೆ ಕೆಳಗಿನ ಮಹಡಿಗೆ, ಮನೆಯೊಡತಿ ಸುಬ್ಬಮ್ಮನ ನಡುಮನೆಗೆ ಬಂದು ಕೂತಿದ್ದಳು. ಅವಳ ಗಂಡ ಜಯಂತ್ ಆಗಷ್ಟೇ ಫೋನ್ ಮಾಡಿ, ಯಾವ ಆಟೋದವನೂ ಬರಲೊಲ್ಲ, ಜಕ್ಕೂರಿನಿಂದ ನಡೆದುಕೊಂಡೇ ಬರುತ್ತೇನೆ ಎಂದಿದ್ದ. ಅವನ ಫೋನಿನ ರಿಂಗು ನಾದಸ್ವರ, ಅವರ ಮದುವೆಯಲ್ಲಿ ರೆಕಾರ್ಡ್ ಮಾಡಿಕೊಂಡದ್ದು. ಅದು ಮೆಟ್ಟಿಲಲ್ಲಿ ಕೇಳಿದಾಗಲೆಲ್ಲ ಸುಬ್ಬಮ್ಮ “ಬಂದ್ನಪ್ಪ ಮದುಮಗ” ಎಂದು ಚುಡಾಯಿಸುತ್ತಿದ್ದಳು.

ಸುಬ್ಬಮ್ಮನ ಸೊಸೆ ನಾಗಲಕ್ಷ್ಮಿ ದೀಪ ಹಚ್ಚುತ್ತಿದ್ದಳು. ಬೀದಿಯಿಂದ ಯಾರೋ “ನಾಗಲಕ್ಷ್ಮೀ” ಎಂದು ಕೂಗಿದರು. ಅವಳು ತಿರುಗಲಿಲ್ಲ. ಮತ್ತೆ ಕೂಗಿದರು. ಕೇಳಿಸಲಿಲ್ಲವೇನೋ ಎಂದು ದಿವ್ಯ ತಾನೇ ಓ ಅನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ಸುಬ್ಬಮ್ಮನ ಒರಟು ಅಂಗೈ ಅವಳ ಬಾಯಿ ಮುಚ್ಚಿತು. ಮೂರನೇ ಕೂಗು. ಅಂಗಡಿಗೆ ನೀರು ನುಗ್ಗಿ ಮೇಲೆ ಬಂದು ಬಾಗಿಲ ಬಳಿ ಕೂತಿದ್ದ ನಾಸಿರ್ ಬೆರಳು ಮಡಿಸಿ ಎಣಿಸುತ್ತಿದ್ದ. ನಾಲ್ಕನೇ ಕೂಗು ಬಂದ ಮೇಲೆ ನಾಗಲಕ್ಷ್ಮಿ ನಿರಾಳವಾಗಿ “ಓ” ಎಂದಳು. ಎದುರುಮನೆಯ ವೆಂಕಟಲಕ್ಷ್ಮಮ್ಮ, ಹಾಲು ಕೇಳಲು ಬಂದವಳು.

“ಇದೇನಜ್ಜಿ?” ಎಂದಳು ದಿವ್ಯ, ತುಟಿ ಒರೆಸಿಕೊಳ್ಳುತ್ತ.

ಸುಬ್ಬಮ್ಮ ಎಲೆಗೆ ಸುಣ್ಣ ಸವರಿದಳು. ಎಂಬತ್ತು ದಾಟಿದರೂ ನಾಲಿಗೆ ಮಾತ್ರ ಹರಿತ.

“ನೀನು ಪಟ್ಟಣದೋಳು, ನಗ್ತೀಯ. ನಗವ್ವ, ನಂಗೇನು. ಆದ್ರೆ ಪೂರ್ತಿ ಕೇಳ್ಕೊಂಡು ನಗು… ಹಿಂದ್ಲಿಂದ್ಲೂ ನಮ್ಮೂರಾಗೆ ಒಂದು ಮಾತು. ದೀಪ ಹಚ್ಚೋ ಹೊತ್ನಾಗೆ ಒಂದೇ ಸಲ ಕೂಗಿದ್ರೆ ಓ ಅನ್ಬಾರ್ದು. ಮನುಷ್ಯ ಆದೋನು ಮೂರು ಸಲ ಕೂಗ್ತಾನೆ, ದೆವ್ವಕ್ಕೆ ಒಂದೇ ಕೂಗು. ಅಂಗೇ ನಡ್ಕೊಂಡ್ ಬಂದಿತ್ತು, ಈ ಒಳಚರಂಡಿ ದೊಡ್ಡ ಪೈಪು ಬರೋಗಂಟ. ಮೇಲೆ ಅಪಾರ್ಟ್‌ಮೆಂಟ್ನೋರು ಉಚ್ಚೆ ಉಯ್ಯೋಕೆ ನಮ್ಮ ಬೀದಿ ಅಗೀಬೇಕಾ? ಅಗುದ್ರು. ಎರಡಾಳು ಆಳ. ಬೇಸ್ಗೆಯೆಲ್ಲ ಹಲಗೆ ಮೇಲೆ ಓಡಾಡಿದ್ವಿ, ಬಸುರಿ ಬಾಣಂತೀರೂ ಹಲಗೆ ಮೇಲೇ. ಜೆಸಿಬಿ ಯಾರ್ದು? ಇದೇ ಬೀದಿ ಪಿಳ್ಳಪ್ಪನ ಮಗ ಬಾಲರಾಜುದು. ಜಮೀನೆಲ್ಲ ಸೈಟ್ ಮಾಡಿ ಮಾರಿ, ಮೈಮೇಲೆ ಚಿನ್ನ ಹೇರ್ಕೊಂಡಿದ್ದ ಕುಳ…

“ಆ ಕೊನೇಲಿ ಚಿಕ್ಕಮಾರಯ್ಯಂದು ಮಣ್ಣಿನ ಗೋಡೆ ಮನೆ. ಅಗೀಬ್ಯಾಡ್ರಪ್ಪ, ಪಾಯ ಜರುಗ್ತದೆ ಅಂತ ಕೈ ಮುಗ್ದ. ಕೇಳುದ್ರಾ? ಒಂದಿನ ಮುಂದಿನ ಗೋಡೆ ಧಡ್ ಅಂತ ಕಾಲುವೆಗೆ ಬಿತ್ತು, ಜೊತೆಗೆ ಕಟ್ಟಿದ್ದ ಹಸುನೂ ಬಿತ್ತು. ಬೆನ್ನು ಮುರ್ದು ಬಾಯಾಗೆ ರಕ್ತ ಕಕ್ಕೊಂಡು ಸಾಯೋಗಂಟ ಅರಚ್ತು. ಚಿಕ್ಕಮಾರಯ್ಯ ಒಳಗೋದ, ಮಚ್ಚು ತಂದ, ಬಾಲರಾಜು ಭುಜಕ್ಕೆ ಇಳಿಸ್ದ. ಮೂಳೆ ಬೆಳ್ಳಗೆ ಕಾಣ್ತಿತ್ತು, ನಾನೇ ನೋಡಿದೀನಿ. ಆಮೇಲೆ ಬಾಲರಾಜು ಕಡೆಯೋರು ಬಿಡ್ತಾರಾ? ಕಬ್ಬಿಣದ ಪೈಪ್ ತಗೊಂಡು ಹೊಡುದ್ರು… ಮುದ್ದೆ ಹಿಟ್ಟು ತೊಳ್ಸಿದಂಗೆ ತೊಳ್ಸಿಬಿಟ್ರು ಆ ಮನುಷ್ಯನ್ನ.

“ಅಷ್ಟಾದ್ರೂ ಅವನಿಗೆ ಚಿಂತೆ ಏನ್ ಗೊತ್ತಾ? ಹೊಸ್ಲು. ಗೋಡೆ ಜೊತೆ ಹೊಸ್ಲೂ ಬಿದ್ದಿತ್ತಲ್ಲ. ಅವ್ವ ಅರಿಶಿನ ಬಳ್ದ ಹೊಸ್ಲು, ಹೆಂಡ್ತಿ ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಬಂದ ಹೊಸ್ಲು, ಅದರ ಮೇಲೆ ಊರ್ನೋರ ಹೇಲು ಹರೀಬೇಕಾ? ಮುಸ್ಸಂಜೆ ಹೊತ್ನಾಗೆ ಕುಂಟ್ಕೊಂಡು ಕಾಲುವೆಗೆ ಇಳ್ದ. ಹೊಸ್ಲು ಎತ್ತೋವಾಗ ಮಣ್ಣು ಜರೀತು, ಸೊಂಟದಗಂಟ ಹೂತ್ಕೊಂಡ. ಮೇಲೆ ಜೆಸಿಬಿ ಮಣ್ಣು ತಳ್ತಾ ಬರ್ತೈತೆ. ಎದುರಿಗೆ ಜಗುಲಿ ಮೇಲೆ ಪಿಳ್ಳಪ್ಪ ಕೂತವನೆ. ‘ಪಿಳ್ಳಣ್ಣಾ’ ಅಂದ. ಒಂದೇ ಸಲ. ಅಷ್ಟೊತ್ಗೆ ಬಾಯಿಗೆ ಮಣ್ಣು ಬಿತ್ತು.

“ಡ್ರೈವರ್ ಗಾಡಿ ನಿಲ್ಸಿ, ‘ಯಾರೋ ಕೂಗಿದಂಗಾಯ್ತಲ್ಲ ಯಜಮಾನ್ರೇ’ ಅಂದ. ಪಿಳ್ಳಪ್ಪ ಅಂದನಂತೆ, ‘ದೀಪ ಹಚ್ಚೋ ಹೊತ್ತು ಕಣೋ. ಒಂದೇ ಕೂಗು, ಮನುಷ್ಯರದಲ್ಲ. ತಳ್ಳು.’ ಅವನಿಗೆ ನಿಜವಾಗ್ಲೂ ಭಯ ಇತ್ತೋ, ಮಗನ ಭುಜದ ಸಿಟ್ಟಿತ್ತೋ… ಅವನ ಒಟ್ಟೆಗೇ ಗೊತ್ತು. ತಳ್ಳುದ್ರು. ನಾಯಿಗೋಳು ಮಣ್ಣು ಕೆರಿಯಾಕೆ ಶುರುಮಾಡಿದ ಮೇಲೆ ಅದೇ ಜೆಸಿಬಿ ತಂದು ಅಗುದ್ರೆ, ಅದರ ಹಲ್ಲು ಅವನ ಪಕ್ಕೆಲುಬಿಗೇ ಸಿಕ್ಕಾಕ್ಕೊಂಡು ಬಂತವ್ವ. ದವಡೆ ಕಿತ್ತೋಗಿತ್ತು, ಗಂಟ್ಲಗಂಟ ಕೆಮ್ಮಣ್ಣು. ಎರಡು ಕೈಯಾಗೂ ಹೊಸ್ಲು ತಬ್ಕೊಂಡಿದ್ದ. ಬಿಡಿಸಾಕೆ ಬೆರಳು ಮುರೀಬೇಕಾಯ್ತು.”

ದಿವ್ಯ ಕಿಟಕಿಯ ಕಡೆ ನೋಡಿದಳು. ಕತ್ತಲಲ್ಲಿ ನೀರು ಹರಿಯುವ ಸದ್ದು ಮಾತ್ರ ಇತ್ತು. ಜಯಂತ್ ಇಷ್ಟೊತ್ತಿಗೆ ಬರಬೇಕಿತ್ತು.

“ಆಮೇಲೆ ಕಾಲುವೆ ಮುಚ್ಚಿ, ಪೈಪಿಂದ ಮನೆಮನೆಗೂ ಕನೆಕ್ಷನ್ ಕೊಟ್ರು. ಒಂದು ಸಂಜೆ ಪಿಳ್ಳಪ್ಪನ ಮನೆ ಬಚ್ಚಲಿಂದ, ‘ಪಿಳ್ಳಣ್ಣಾ…’ ಅಂತು. ‘ಪಿಳ್ಳಣ್ಣಾ… ಪಿಳ್ಳಣ್ಣಾ…’ ಮೂರು ಸಲ. ಸತ್ತೋನೂ ಬುದ್ಧಿ ಕಲ್ತಿದ್ದ ನೋಡು. ಮೂರಾಯ್ತಲ್ಲ, ಯಾರೋ ಹಿತ್ಲಾಗೆ ಬಂದವರೆ ಅಂತ ಪಿಳ್ಳಪ್ಪ ‘ಓ, ಬಂದೆ’ ಅಂದ. ಎಷ್ಟೊತ್ತಾದ್ರೂ ಈಚೆಗೆ ಬರ್ಲಿಲ್ಲ ಅಂತ ಬಚ್ಚಲ ಬಾಗ್ಲು ಒಡ್ದು ನೋಡುದ್ರೆ… ಬಚ್ಚಲ ತೂತಾಗೆ ಅವನ ತೋಳು ಭುಜದಗಂಟ ಓಗಿತ್ತು. ನನ್ನ ಅಂಗೈನೂ ತೂರದ ತೂತವ್ವ ಅದು. ಮುಖ ನೆಲಕ್ಕೆ ಬಡ್ದು ಬಡ್ದು ಟೈಲ್ಸ್ ಒಡ್ದಿತ್ತು, ಮುಖ ಅನ್ನೋದೇ ಉಳಿದಿರ್ಲಿಲ್ಲ.

“ಬಾಲರಾಜು ಬಿಟ್ಟಾನಾ? ತಿಥಿ ಮುಗುಸ್ದೋನೇ ಹಾರೆ ತಗೊಂಡು ಚೇಂಬರ್ ಮುಚ್ಚಳ ಎತ್ತಿ ಬೈಯ್ದ, ‘ಬಾರೋ ಮೇಲಕ್ಕೆ, ಗಂಡ್ಸಾಗಿದ್ರೆ’ ಅಂತ. ಒಳಗಿಂದ ಏನ್ ಬಂತು? ಅಪ್ಪನ ಸ್ವರ. ‘ಬಾಲೂ… ಬಾಲೂ… ಬಾಲೂ…’ ಕರುಳು ಕಣವ್ವ, ಓ ಅಂದ್ಬಿಟ್ಟ. ಬಗ್ಗಿ ನೋಡ್ದ. ಹತ್ತಿರ ಒಬ್ಬರೂ ಇರ್ಲಿಲ್ಲ, ಮುಚ್ಚಳ ತಾನೇ ಎದ್ದು ಕುತ್ಗೆ ಮೇಲೆ ಬಿತ್ತು. ಮುಂಡ ರಸ್ತೆ ಮೇಲೆ ಒದ್ದಾಡ್ತಿತ್ತು, ತಲೆ ಒಳಗೆ ನೀರ್ನಾಗೆ ಓಯ್ತು… ಅವತ್ತಿಂದ ಈ ಬೀದಿ ಲೆಕ್ಕ ನಾಲ್ಕು. ಆ ಪಾಪಿಗೆ ಮೂರೇ ಗೊತ್ತು. ಕತ್ತಲಾದ ಮೇಲೆ ಎತ್ತ ತಾಯಿ ಕೂಗಿದ್ರೂ, ನಾಲ್ಕನೇದು ಬರೋಗಂಟ ಇಲ್ಲಿ ಯಾರೂ ಬಾಯಿ ಬಿಡಲ್ಲ.”

“ದಿವ್ಯಾ” ಎಂದು ಬೀದಿಯಿಂದ ಕೂಗು ಬಂತು. ಜಯಂತನ ಸ್ವರ.

ದಿವ್ಯ ಧಡಕ್ಕನೆ ಎದ್ದಳು. ಸುಬ್ಬಮ್ಮ ಅವಳ ಮಣಿಕಟ್ಟು ಹಿಡಿದಳು. ಮುದುಕಿಯ ಕೈಯಲ್ಲಿ ಅಷ್ಟು ಬಲವಿದೆ ಎಂದು ಅವಳಿಗೆ ತಿಳಿದಿರಲಿಲ್ಲ.

“ದಿವ್ಯಾ…” ಎರಡನೆಯದು. ಈ ಸಲ ಸ್ವರದಲ್ಲಿ ನೀರು ತುಂಬಿದಂತಿತ್ತು.

“ಅಜ್ಜಿ, ಅವ್ರೇ. ಬಿಡಿ.”

“ಮೇಡಂ, ಇನ್ನೆರಡು ಸಲ ಕೂಗ್ಲಿ, ತಡೀರಿ,” ಎಂದು ನಾಸಿರ್ ಬಾಗಿಲಿಗೆ ಅಡ್ಡ ನಿಂತ. ಎದುರುಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು.

“ದಿವ್ಯಾ!”

ಮೂರು. ಎಲ್ಲರೂ ನಾಲ್ಕನೆಯದಕ್ಕೆ ಕಾದರು. ಮಳೆ ಸುರಿಯುತ್ತಲೇ ಇತ್ತು. ನಾಲ್ಕನೆಯದು ಬರಲಿಲ್ಲ.

“ನೋಡ್ದಾ, ನಾನ್ ಯೋಳಲಿಲ್ವಾ,” ಎಂದು ಸುಬ್ಬಮ್ಮ ಕೈ ಸಡಿಲಿಸಿದಳು. ನಾಗಲಕ್ಷ್ಮಿ ದೇವರಿಗೆ ಕೈ ಮುಗಿದಳು.

ದಿವ್ಯಳಿಗೆ ಆಗ ಹೊಳೆಯಿತು. ಈ ನಾಲ್ಕರ ಲೆಕ್ಕ ತನಗೇ ತಿಳಿದದ್ದು ಈಗಷ್ಟೇ. ಜಯಂತನಿಗೆ ಯಾರು ಹೇಳಿದ್ದರು? ಅವಳು ಅವನ ನಂಬರ್ ಒತ್ತಿದಳು.

ನಾದಸ್ವರ ಕೇಳಿಸಿತು. ಮೆಟ್ಟಿಲಿನಿಂದಲ್ಲ. ನಾಗಲಕ್ಷ್ಮಿ ಬಚ್ಚಲಮನೆಯ ಕಡೆ ತಿರುಗಿ ಗೋಡೆಗೆ ಆತುಕೊಂಡಳು. ನೆಲದ ತೂತಿನ ಆಳದಲ್ಲೆಲ್ಲೋ ಮದುವೆಯ ನಾದಸ್ವರ ನುಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ಗೊಳಗೊಳ ಎಂದು ನಿಂತಿತು.

“ಓ, ಬಂದೆ, ಬಂದೆ ಕಣ್ರೀ,” ಎಂದು ಅರಚುತ್ತ ದಿವ್ಯ ನಾಸಿರನನ್ನು ನೂಕಿ ಮೆಟ್ಟಿಲಿಳಿದಳು. ಕೊನೆಯ ಮೆಟ್ಟಿಲಿನಲ್ಲಿ, ಗುಂಡಿಯ ಬಾಯಿಗೆ ಸಿಕ್ಕಿಸಿದ್ದ ಬೇವಿನ ಕೊಂಬೆ ನೀರಿನೊಡನೆ ತೇಲಿಬಂದು ಅವಳ ಕಾಲಿಗೆ ತಗುಲಿತು. ನಾಸಿರ್ ಹಿಂದಿನಿಂದ ಓಡಿಬಂದು, ಅಳುತ್ತಲೇ ಅವಳನ್ನು ಬಿಗಿಯಾಗಿ ಹಿಡಿದುಕೊಂಡ. ಬೀದಿಯ ಒಂದು ಬಾಗಿಲೂ ತೆರೆಯಲಿಲ್ಲ.

ಸುಬ್ಬಮ್ಮ ದೀಪ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಅವಳ ಸ್ವರದಲ್ಲಿ ಹರಿತವಿರಲಿಲ್ಲ.

“ಪಿಳ್ಳಪ್ಪನ್ನ ತಿಂದಿದ್ದಕ್ಕೆ ಚಿಕ್ಕಮಾರಯ್ಯನ ಸಿಟ್ಟು ತೀರ್ಲಿಲ್ಲ ಕಣವ್ವ… ಒಬ್ಬ ಕೂಗ್ತಿರ್ಬೇಕು, ಇಡೀ ಬೀದಿ ಕೇಳುಸ್ಕೊಂಡು ಸುಮ್ಕೆ ಕೂತಿರ್ಬೇಕು, ಅದು ಬೇಕಾಗಿತ್ತು ಅವನಿಗೆ. ನಮಗೆ ಈಗ ಗೊತ್ತಾಯ್ತು… ಮೇಲಕ್ಕೆ ಬಾರವ್ವ. ನಾಳೆ ದೀಪ ಹಚ್ಚೋ ಹೊತ್ಗೆ ನಿನ್ನ ಗಂಡನ ಸ್ವರದಾಗೂ ಕೂಗ್ತಾನೆ. ನೀನು ಓ ಅನ್ಬಾರ್ದು.”