ವರಕ್ಕೆ ಬಾಲ ಬಂದ ಕಥೆ

ಕೇಳ್ರಪ್ಪಾ ಕೇಳಿ, ಕೇಳ್ರವ್ವಾ ಕೇಳಿ. ಹೂಂಗುಟ್ಟೋರಿದ್ದರೆ ಹೇಳ್ತೀನಿ, ಆಕಳಿಸೋರು ಎದ್ದು ಹೋಗಿ.

ಒಂದಾನೊಂದು ಊರು. ಹೆಸರು ಕೇಳಬೇಡಿ, ನನಗೂ ಗೊತ್ತಿಲ್ಲ. ಅಲ್ಲೊಬ್ಬಳು ಹುಡುಗಿ, ದುಂಡಮ್ಮ. ಹೆಸರೇನೋ ದುಂಡಮ್ಮ, ಅಕ್ಷರ ದುಂಡಗಿತ್ತಾ? ಎಲ್ಲಿಂದ ಬಂತು! ಕಾಗೆ ಕಾಲು, ಗುಬ್ಬಿ ಕಾಲು. ಬುದ್ಧಿ ಚುರುಕು, ಕೈಗೆ ಮಾತ್ರ ಅವಸರ. ಒಂದಕ್ಷರ ಮುಗಿಯೋ ಮೊದಲೇ ಮುಂದಿನದಕ್ಕೆ ಹಾರೋದು.

ಒಂದು ಸಲ ಪರೀಕ್ಷೆ ಬರೆದಳು, ಫೇಲು. ಎರಡನೇ ಸಲ ಬರೆದಳು, ಫೇಲು. ಅಪ್ಪ ಬೋರಯ್ಯ ಅಂದ, "ಮೂರನೇ ಸಲವೂ ಹೋದ್ರೆ ಸ್ಕೂಲು ಸಾಕು ಕಣವ್ವ. ವರ ನೋಡ್ತೀನಿ."

ದುಂಡಮ್ಮ ಅದನ್ನ ಕೇಳಿದ್ದೇ ತಡ, ಮೇಷ್ಟ್ರ ಹತ್ತಿರ ಓಡಿದಳು. "ಎಲ್ಲಾ ಸರಿಯಾಗೇ ಬರ್ದಿದ್ದೆ ಸಾ!"

ಮೇಷ್ಟ್ರು ಅವಳ ಉತ್ತರಪತ್ರಿಕೆ ಬಿಚ್ಚಿ ಓದಿದರು: "ಒಂದು ವರ ಕಡಿದರೆ ಹತ್ತು ವರ ನೆಡಬೇಕು. ಒಣಗಿದ ವರ ಒಲೆಗೆ ಆಗುತ್ತದೆ."

"ಅದು ಮರ ಸಾ!"

"'ಮ'ಗೆ ಬಾಲ ಎಲ್ಲಮ್ಮ? ಬಾಲ ಬಿಟ್ರೆ ಅದು 'ವ'. ಹಾಳೇಲಿರೋದು ಓದ್ತೀನಿ, ನಿನ್ನ ಮನಸ್ಸಲ್ಲಿರೋದನ್ನಲ್ಲ."

ಏನು ಮಾಡಿದಳು? ಪೆನ್ನು ಬದಲಾಯಿಸಿದಳು, ಆಗಲಿಲ್ಲ. ಶಾಯಿ ಬದಲಾಯಿಸಿದಳು, ಆಗಲಿಲ್ಲ. ಕೂರೋ ಮಣೆ ಬದಲಾಯಿಸಿದಳು, ಊಹೂಂ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅಳುತ್ತಾ ಅಜ್ಜಿ ಪಕ್ಕ ಕೂತಳು. ಅಜ್ಜಿಗೆ ಅಕ್ಷರ ಬಾರದು, ಚಕ್ಕುಲಿ ಒತ್ತುತ್ತಿದ್ದಳು. "ಅಳೋದು ಆಮೇಲೆ, ಒರಳು ಹಿಡಿ" ಅಂದಳು. ದುಂಡಮ್ಮ ಸರಸರ ಸುತ್ತಿ ಎಣ್ಣೆಗೆ ಬಿಟ್ಟಳು. ಎಲ್ಲಾ ಬಿಚ್ಚಿಕೊಂಡು ತೇಲಿದವು.

"ಸುತ್ತೋಕೆ ಎಲ್ರಿಗೂ ಬರುತ್ತೆ ಕಣೆ. ತುದೀನ ಬೆರಳಲ್ಲಿ ಒತ್ತಿ ಮುಗಿಸು. ಆಮೇಲೆ ಇನ್ನೊಂದಕ್ಕೆ ಕೈ ಹಾಕು."

ದುಂಡಮ್ಮ ಹಂಗೇ ತುದಿ ಒತ್ತಿ ಬಿಟ್ಟಳು, ಚಕ್ಕುಲಿ ಬಿಚ್ಚಲಿಲ್ಲ. ಮಾರನೇ ದಿನದಿಂದ ಅಂಗಳದ ಮರಳ ಮೇಲೆ ಒಂದೊಂದೇ ಅಕ್ಷರ ತಿದ್ದಿದಳು. ತಿಂಗಳಾಯ್ತು, ಎರಡಾಯ್ತು, ಮೂರಾಯ್ತು. ಪರೀಕ್ಷೆ ಬಂತು, ಬರೆದಳು. ಮೇಷ್ಟ್ರು ಮನೆಬಾಗಿಲಿಗೇ ಬಂದು "ಪಾಸು, ಮುತ್ತಿನಂಥ ಅಕ್ಷರ" ಅಂದರು.

ಬೋರಯ್ಯ ಹಿಗ್ಗಿದ. "ಇಷ್ಟು ಚೆಂದ ಬರೆಯೋಳಿಗೆ ಇನ್ನೂ ಒಳ್ಳೇ ವರಾನೇ ಸಿಗ್ತಾನೆ!"

ನೋಡಿದಿರಾ? ಸುತ್ತಿ ಸುತ್ತಿ ಅಲ್ಲಿಗೇ ಬಂದ!

ದುಂಡಮ್ಮ ಮರಳಲ್ಲಿ 'ವರ' ಬರೆದಳು. ನಿಧಾನವಾಗಿ 'ವ'ಗೆ ಬಾಲ ಎಳೆದಳು. "ಅಪ್ಪಾ, ನೀನೂ ಬಾಲ ಮರೆತೆ. ಇದು ಮರ. ಮೊದಲು ಮರ ನೆಡು. ಅದರ ನೆರಳು ಬಾಗಿಲಿಗೆ ಬರೋವರೆಗೂ ನಾನು ಓದ್ತೀನಿ. ಆಮೇಲೆ ವರ."

ಮೇಷ್ಟ್ರ ಎದುರು ಇಲ್ಲ ಅನ್ನೋದು ಹೆಂಗೆ? ಬೋರಯ್ಯ ತಲೆ ಕೆರೆದುಕೊಂಡು ಗುದ್ದಲಿ ತಂದ. "ಯಾವ ಮರ ನೆಡಲವ್ವ?"

"ಹುಣಸೆ."

ಹುಣಸೆ ಎಷ್ಟು ವರ್ಷಕ್ಕೆ ನೆರಳಾಗುತ್ತೆ? ನೆಟ್ಟೋರಿಗೆ ಗೊತ್ತು, ನಗಲಿ. ನನ್ನ ಕಥೆಯ ತುದೀನೂ ಒತ್ತಿದೆ. ಚಕ್ಕುಲಿ ಇದ್ದರೆ ಇತ್ತ ಕೊಡಿ.