ಹುಳ ಬಿದ್ದ ಧೂಪ

ವೇದಿಕೆಯ ಮೇಲಿರುವ ಪ್ರಾಂಶುಪಾಲರೇ, ನಮ್ಮನ್ನಗಲಿದ ಚಲುವಯ್ಯನವರ ಮನೆಯವರಾದ ಇಂದ್ರಮ್ಮನವರೇ, ಹೊಂಗಡಹಳ್ಳದಿಂದ ಎರಡು ಬಸ್ಸು ಬದಲಾಯಿಸಿ ಬಂದಿರುವ ಚೌಡಮ್ಮನವರೇ, ಸಹೋದ್ಯೋಗಿಗಳೇ, ವಿದ್ಯಾರ್ಥಿಗಳೇ — ಮೊದಲಿಗೆ ಒಂದು ತಪ್ಪೊಪ್ಪಿಗೆ.

ತೊಂಬತ್ತೊಂಬತ್ತನೇ ಇಸವಿ, ಆಗಸ್ಟ್ ತಿಂಗಳ ಒಂದು ಶನಿವಾರ, ಹಾಡುಹಗಲು ಹನ್ನೊಂದು ಗಂಟೆಗೆ, ಈ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಕಳ್ಳತನ ಮಾಡಿದೆ. ಕನ್ನಡ ಮೇಷ್ಟ್ರು! ಅದೂ ಛಂದಸ್ಸು ಪಾಠ ಮಾಡುವವನು! ಬಾಗಿಲ ಬಳಿ ಕೂತವರು ದಯವಿಟ್ಟು ಪೊಲೀಸರನ್ನು ಕರೆಯಬೇಡಿ — ನನ್ನ ಮಾತಿನ್ನೂ ಮುಗಿದಿಲ್ಲ.

ಚಲುವಯ್ಯ ಪ್ರಾಣಿಶಾಸ್ತ್ರದ ಮೇಷ್ಟ್ರು. ಆದರೆ ಅವರಿಗೆ ಹುಲಿ ಬೇಡ, ಆನೆ ಬೇಡ. ಹುಳ. ಹುಳಕ್ಕಿಂತ ಹೆಚ್ಚಾಗಿ, ಹುಳದ ಮೈಮೇಲೆ ಕೂತು ಬದುಕುವ ಹುಳ. ‘ಪರೋಪಜೀವಿ’ ಎಂದು ಹೇಳಿ ದಿನಾ ಅವರ ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದ ನನ್ನ ಕಡೆ ಕೈ ತೋರಿಸುತ್ತಿದ್ದರು.

ಚೌಡಮ್ಮ ಕಾಡಿನಲ್ಲಿ ಧೂಪದ ಮರದ ಅಂಟು ಕೆತ್ತಿ ತಂದು ಸಂತೆಯಲ್ಲಿ ಮಾರುತ್ತಿದ್ದವರು. ಹುಳ ಸಿಕ್ಕಿಕೊಂಡ ತುಂಡನ್ನು ಆರಿಸಿ ಎಸೆಯುವುದು ಪದ್ಧತಿ. ಸತ್ತ ಹುಳವನ್ನು ದೇವರ ಮುಂದೆ ಸುಡುವುದುಂಟೇ? ಆ ಸಂತೆಗೆ ಹೋದರು ನಮ್ಮ ಚಲುವಯ್ಯ.

“ಮೇಷ್ಟ್ರೇ, ಒಳ್ಳೆ ಧೂಪ ಐತೆ, ತಗಳಿ.”

“ಬೇಡ ಕಣಮ್ಮ, ಹುಳ ಬಿದ್ದಿರೋದು ಕೊಡು.”

“ಅದು ದೇವ್ರಿಗೆ ಆಗಾಕಿಲ್ಲ.”

“ನನಗೆ ಆಗ್ತೈತೆ.”

ಚೌಡಮ್ಮ ಪಕ್ಕದವಳಿಗೆ ಹೇಳಿದರಂತೆ: “ಪಾಪ ಕಣೇ, ಓದಿ ಓದಿ ತಲೆ ಹಿಂಗಾಗ್ಬುಟ್ಟೈತೆ.” — ನಗಬೇಡಿ ಚೌಡಮ್ಮ, ಸ್ಟಾಫ್ ರೂಮಿನಲ್ಲಿ ನಾವೂ ಅದನ್ನೇ ಹೇಳಿದ್ದೆವು.

ಕೋಟ್ಯಂತರ ವರ್ಷಗಳ ಹಿಂದೆ ಹೀಗೇ ಒಸರಿದ ಅಂಟು ಮಣ್ಣಿನಡಿ ಕಲ್ಲಾಗಿದೆ. ಅದೇ ಅಂಬರ್. ಒಳಗೆ ನೊಣ, ನೊಣದ ಕುತ್ತಿಗೆಗೆ ಕಚ್ಚಿಕೊಂಡ ನುಸಿ — ಜಗಳ ನಿಂತ ಕ್ಷಣ ಹಾಗೇ ಉಳಿದಿದೆ. “ನಮ್ಮದು ಎಳೇ ಅಂಬರ್ ಕಣ್ರೀ,” ಎನ್ನುತ್ತಿದ್ದರು, “ಇನ್ನೊಂದು ನಾಲ್ಕು ಕೋಟಿ ವರ್ಷ ಕಾಯಬೇಕು ಅಷ್ಟೆ.” ನಿವೃತ್ತಿಗೆ ಆಗ ಏಳು ವರ್ಷವಿತ್ತು.

ಮುನ್ನೂರ ಹನ್ನೆರಡು ತುಂಡುಗಳು, ಹಾರ್ಲಿಕ್ಸ್ ಬಾಟಲಿಗಳಲ್ಲಿ. ಪ್ರತಿಯೊಂದಕ್ಕೂ ಚೀಟಿ: ‘ಸಂಗ್ರಹಿಸಿದವರು — ಚೌಡಮ್ಮ, ಹೊಂಗಡಹಳ್ಳ.’ ತಮ್ಮ ಹೆಸರು ಎಲ್ಲೂ ಇಲ್ಲ. ಅದರಲ್ಲಿ ನಲವತ್ತೊಂದನೇ ತುಂಡು — ನೋಡಿ, ಇಷ್ಟೇ, ನೆಲ್ಲಿಕಾಯಿ ಗಾತ್ರ. ಒಳಗೆ ಒಂದು ಕಂಬಳಿಹುಳ. ಅದರ ಬೆನ್ನ ಮೇಲೆ ಅಕ್ಕಿಕಾಳಿನಂಥ ಐದು ಗೂಡು. ಐದನೆಯದರಿಂದ ಒಂದು ಪುಟಾಣಿ ಕಣಜದ ಹುಳ ಅರ್ಧ ಹೊರಬಂದಿದೆ. ಚಲುವಯ್ಯ ಅದರ ಚಿತ್ರ ಬರೆದು ಕಲ್ಕತ್ತೆಯ ಒಬ್ಬ ವಿಜ್ಞಾನಿಗೆ ಕಳಿಸಿದರು. ಉತ್ತರ ಬಂತು: ‘ಇಂಥದ್ದನ್ನು ನಾನು ಕಂಡಿಲ್ಲ. ತುಂಡನ್ನೇ ಕಳಿಸಿ.’ ನಮ್ಮ ಚಲುವಯ್ಯನಿಗೆ! ಮಳೆ ಬಂದರೆ ಕರೆಂಟಿಲ್ಲದ ಈ ಕಾಲೇಜಿಗೆ!

ಪಾರ್ಸೆಲ್ ಕಟ್ಟುವ ದಿನ ತುಂಡು ಇರಲಿಲ್ಲ.

ಬೀಗದ ಕೈ ಇದ್ದದ್ದು ಅಟೆಂಡರ್ ಕುಳ್ಳಯ್ಯನ ಬಳಿ. “ಕುಳ್ಳಯ್ಯ ಮುಟ್ಟೋನಲ್ಲ ಸಾರ್, ನನ್ನ ಮೇಲೆ ಬರೆದುಕೊಳ್ಳಿ,” ಎಂದು ಚಲುವಯ್ಯ ಎಷ್ಟು ಹೇಳಿದರೂ ಆಗಿನ ಪ್ರಾಂಶುಪಾಲರು ಬೀಗದ ಕೈ ಕಿತ್ತುಕೊಂಡರು. ಇವತ್ತಿಗೂ ಕುಳ್ಳಯ್ಯ ಕಸ ಗುಡಿಸಬೇಕಾದರೆ ಆಫೀಸಿನ ಮುಂದೆ ನಿಂತು ಬೀಗದ ಕೈ ಕೇಳಬೇಕು. ಏಳು ವರ್ಷ.

ಕದ್ದವನು ನಾನು.

ಆದರೆ ಯಾಕೆ ಕದ್ದೆ? ಕಲ್ಕತ್ತೆಗೆ ಹೋದದ್ದು ವಾಪಸು ಬರುತ್ತದೆಯೇ? ನಮ್ಮ ಕಾಡಿನ ಕೀರ್ತಿ ನಮ್ಮಲ್ಲೇ ಉಳಿಯಲಿ ಎಂದು! ಎದೆ ತಟ್ಟಿ ಹೇಳುತ್ತೇನೆ — ಆ ತುಂಡು ಇವತ್ತಿನವರೆಗೂ ಸಕಲೇಶಪುರ ತಾಲ್ಲೂಕಿನ ಗಡಿ ದಾಟಿಲ್ಲ!

...ಚಪ್ಪಾಳೆ ಬೇಡ. ಇಂದ್ರಮ್ಮ ತುಂಡು ಕೊಡಿ ಎಂದು ಕೈ ಚಾಚಿದ್ದಾರೆ. ಅವರು ಕೊಟ್ಟ ಈ ಹೊಸ ಗಾಜಿನ ಬೀರುವಿನಲ್ಲಿ ನಲವತ್ತೊಂದನೇ ಜಾಗ ಖಾಲಿ ಇದೆ.

ಅಮ್ಮ, ಹೇಗೆ ಹೇಳಲಿ. ಧೂಪವನ್ನು ಬಚ್ಚಿಡಲು ಧೂಪದ ಡಬ್ಬಿಗಿಂತ ಒಳ್ಳೆಯ ಜಾಗವುಂಟೇ ಎಂದು ಮನೆಯ ದೇವರಕೋಣೆಯಲ್ಲಿಟ್ಟೆ. ಹೆಂಡತಿ ಶೀಲಾಗೂ ಹೇಳಲಿಲ್ಲ. ಗೌರಿ ಹಬ್ಬದ ದಿನ ಚಲುವಯ್ಯನವರನ್ನೇ ಊಟಕ್ಕೆ ಕರೆದಿದ್ದೆ. ಶೀಲಾ ಕೆಂಡದ ಮೇಲೆ ಧೂಪ ಹಾಕಿದಳು. ನಾನು ಡಬ್ಬಿ ನೋಡಿದೆ — ಖಾಲಿ. ಚಲುವಯ್ಯ ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು ಹೇಳಿದರು:

“ಏನ್ ಘಮ ಕಣ್ರೀ! ಅಪ್ಪಟ ಧೂಪ. ಒಂದು ಹುಳ ಇಲ್ಲ ಇದರಲ್ಲಿ.”

ಇದ್ದವು ಸಾರ್.

ಪ್ರಾಂಶುಪಾಲರೇ, ಆ ಬೀಗದ ಕೈ ಇವತ್ತೇ ಕುಳ್ಳಯ್ಯನವರಿಗೆ ಕೊಡಿ. ಖಾಲಿ ಜಾಗದಲ್ಲಿ ಚಲುವಯ್ಯ ಬರೆದ ಚಿತ್ರ ಇರಲಿ. ಪಕ್ಕದ ಚೀಟಿಯಲ್ಲಿ ಸುಟ್ಟವನ ಹೆಸರು ನಾನೇ ಬರೆಯುತ್ತೇನೆ.

ಕುಳ್ಳಯ್ಯನವರೇ, ಮೇಷ್ಟ್ರ ಫೋಟೋದ ಮುಂದೆ ಧೂಪ ನೀವೇ ಹಾಕಿ — ಹಾಕುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ನಾನು ಏಳು ವರ್ಷ ಸುಮ್ಮನಿದ್ದೆ. ನಿಮ್ಮೆಲ್ಲರನ್ನು ಕೇಳುವುದು ಎರಡೇ ನಿಮಿಷ. ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ.