ಈ ಬಿಸಿಲು ಮತ್ತು ನೀಲಾಳ ಬಾಣಂತನ

ಅಧ್ಯಕ್ಷತೆ ವಹಿಸಿರುವ ಪ್ರಾಚಾರ್ಯರೇ, ವೇದಿಕೆಯ ಮೇಲಿರುವ ಹಿರಿಯರೇ, ಇಂಥ ಬಿಸಿಲಲ್ಲೂ ರೋಣದವರೆಗೆ ಬಂದು ಕುಳಿತಿರುವ ತಾಯಂದಿರೇ, ವಿದ್ಯಾರ್ಥಿಗಳೇ, ಸಭಿಕರೇ,

ಪರಿಸರ ದಿನಕ್ಕೆ ನನ್ನನ್ನು ಕರೆದು, ‘ಹವಾಮಾನ ಬದಲಾವಣೆ: ಕಾರಣ, ಪರಿಣಾಮ, ಪರಿಹಾರ’ ಎಂಬ ವಿಷಯ ಕೊಟ್ಟಿದ್ದೀರಿ. ನರೇಗಲ್ಲಿನಲ್ಲಿ ರೊಟ್ಟಿ ಕೇಂದ್ರ ನಡೆಸುವವಳಿಗೆ ಇಷ್ಟು ದೊಡ್ಡ ವಿಷಯವೇ ಎಂದು ನಮ್ಮ ಮನೆಯವರು ನಕ್ಕರು. ಕಾರಣವನ್ನು ಈಗಷ್ಟೇ ಮಾತನಾಡಿದ ವಿದ್ಯಾರ್ಥಿನಿ ಚೆನ್ನಾಗಿ ಹೇಳಿದಳು. ಕಲ್ಲಿದ್ದಲು, ಡೀಸೆಲ್ಲು, ಪೆಟ್ರೋಲು ಉರಿಸಿದ ಹೊಗೆ ಆಕಾಶದಲ್ಲಿ ಕೌದಿ ಹೊದಿಸಿದಂತೆ ಹರಡಿಕೊಂಡಿದೆ, ಭೂಮಿಯ ಕಾವು ಹೊರಗೆ ಹೋಗಲೊಲ್ಲದು. ಪರಿಣಾಮದ ಬಗ್ಗೆ ನಾನು ಮಾತನಾಡಬಲ್ಲೆ. ಅದು ನಮ್ಮ ಕೇಂದ್ರಕ್ಕೇ ಬಂದಿತ್ತು.

ನಮ್ಮಲ್ಲಿ ರೊಟ್ಟಿ ಬಡಿಯುವವರಲ್ಲಿ ನೀಲಾ ಎಂಬ ಹುಡುಗಿ ಇದ್ದಾಳೆ. ಮುಶಿಗೇರಿಯವಳು, ತಾಯಿ ಇಲ್ಲದವಳು. ಅವಳೂ ಅವಳ ಗಂಡ ಪರಶುವೂ ಹೊಲಗಳಲ್ಲಿ ಹೆಸರುಕಾಳಿನ ಕಾಯಿ ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ಹೋದ ವರ್ಷ ಮಳೆ ಬರಬೇಕಾದಾಗ ಬರಲಿಲ್ಲ. ಕಾಯಿ ಒಣಗಿ ಬಿಡಿಸುವ ಹೊತ್ತಿಗೆ ಬಿಡದೆ ಸುರಿಯಿತು. ಹೆಸರು ಗಿಡದಲ್ಲೇ ಮೊಳಕೆ ಒಡೆಯಿತು. ಬಿಡಿಸಲು ಏನೂ ಇಲ್ಲದ ಮೇಲೆ ಕೂಲಿಗೆ ಯಾರು ಕರೆಯುತ್ತಾರೆ? ಪರಶು ಗೋವಾಕ್ಕೆ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋದ, ನೀಲಾ ನಮ್ಮಲ್ಲಿಗೆ ಬಂದಳು. ಬಂದ ಮೇಲೆ ಬಸುರಿ ಎಂದು ತಿಳಿಯಿತು.

ಈ ವರ್ಷ ಶಿವರಾತ್ರಿ ಮುಗಿದಿತ್ತು, ಯುಗಾದಿ ಇನ್ನೂ ಬಂದಿರಲಿಲ್ಲ. ಮೊದಲೆಲ್ಲ ಆ ದಿನಗಳಲ್ಲಿ ಬೆಳಗಿನ ಥಂಡಿಗೆ ನಾವು ಹೊದ್ದುಕೊಂಡು ಕೂರುತ್ತಿದ್ದೆವು. ನೆನಪಿದೆಯೇ ತಾಯಂದಿರೇ? ಈ ಸಲ ಮೇಲೆ ಕಾದ ತಗಡು, ಮುಂದೆ ಉರಿಯುವ ಒಲೆ. ಒಂದು ಮದುವೆಯ ಆರ್ಡರು ಇತ್ತು, ಎಲ್ಲರೂ ಅವಸರದಲ್ಲಿದ್ದೆವು. ನೀಲಾಳ ಬಡಿತ ನಿಂತಿತು. ರೊಟ್ಟಿ ಬಡಿಯುವವರ ನಡುವೆ ಕೂತವರಿಗೆ ಒಂದು ಕೈ ನಿಂತರೂ ಗೊತ್ತಾಗುತ್ತದೆ. ತಿರುಗಿದರೆ ಗೋಡೆಗೆ ಒರಗಿದ್ದಳು. ಮೈ ಸುಡುತ್ತಿತ್ತು, ಬೆವರೇ ಇರಲಿಲ್ಲ. ಏನೇನೋ ಬಡಬಡಿಸುತ್ತಿದ್ದಳು.

ಮೈಗೆಲ್ಲ ನೀರು ಹೊಯ್ದು, ಒದ್ದೆ ಸೀರೆ ಹೊದಿಸಿ, ನಮ್ಮ ಗಾಡಿಯಲ್ಲೇ ಗಜೇಂದ್ರಗಡದ ದವಾಖಾನೆಗೆ ಒಯ್ದೆವು. ಅಲ್ಲಿಯ ನರ್ಸಮ್ಮ ಕೇಳಿದಳು, “ಈಕೀಗೆ ನೀವು ಏನಾಗಬೇಕ್ರಿ?”

“ಅವ್ವ ರೀ,” ಎಂದೆ.

ಯಾಕೆ ಹಾಗೆ ಅಂದೆನೋ, ಬೇರೆ ಮಾತು ಬಾಯಿಗೆ ಬರಲಿಲ್ಲ. ಆಮೇಲೆ ಯಾರೂ ತಿದ್ದಲಿಲ್ಲ, ನಾನೂ ತಿದ್ದಲಿಲ್ಲ. ಬಿಸಿಲಿನ ಹೊಡೆತ, ಇನ್ನಷ್ಟು ತಡವಾಗಿದ್ದರೆ ಎರಡೂ ಜೀವ ಹೋಗುತ್ತಿದ್ದವು ಎಂದರು ಡಾಕ್ಟರು. ಸಂಜೆ ಹೊಟ್ಟೆಯ ಮೇಲೆ ಮಷೀನು ಇಟ್ಟು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಳಗೆ ಕರೆದರು. ಕೂಸಿನ ಎದೆಬಡಿತ. ಅವಸರದ ಆರ್ಡರಿಗೆ ರೊಟ್ಟಿ ಬಡಿದ ಹಾಗೆ ಕೇಳಿಸಿತು. ಅಂಥದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ... ಕ್ಷಮಿಸಬೇಕು, ವಿಷಯ ಎಲ್ಲಿಗೋ ಹೋಯಿತು.

ಎರಡು ದಿನ ಬಿಟ್ಟು ಕರೆದುಕೊಂಡು ಬರುವಾಗ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ನೀಲಾ ಕಿಟಕಿಯಿಂದ ನೋಡಿ, “ಅಕ್ಕಾರ, ಇಷ್ಟ ದೊಡ್ಡ ಫ್ಯಾನ್ ಅದಾವು, ನಮಗ ಒಂಚೂರೂ ಗಾಳಿ ಬರೂದಿಲ್ಲಲ್ರಿ?” ಎಂದಳು. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಹೊಗೆ ಇಲ್ಲದೆ ಕರೆಂಟು ಮಾಡುವ ಯಂತ್ರ ಅವು, ಅಂಥವು ಹೆಚ್ಚಾದರೆ ಮುಂದೆ ಈ ಕಾವು ಏರುವುದು ನಿಂತೀತು ಎಂದು ತಿಳಿದಷ್ಟು ಹೇಳಿದೆ. ಹೆರಿಗೆಯಾಗುವವರೆಗೂ ಕೆಲಸ ಬೇಡ, ಕೂಲಿ ನಿಲ್ಲುವುದಿಲ್ಲ, ಮನೆಯಲ್ಲಿರು ಎಂದೂ ಹೇಳಿದೆ.

“ಮನ್ಯಾಗ ಕುಂತರೂ ಮ್ಯಾಲ ತಗಡ ಐತ್ರಿ, ಅಕ್ಕಾರ.”

ಸಭಿಕರೇ, ಆಕಾಶಕ್ಕೆ ಹೋದ ಆ ಹೊಗೆಯಲ್ಲಿ ನೀಲಾಳ ಪಾಲು ಎಷ್ಟು? ಅವಳ ಮನೆಯಲ್ಲಿ ಇರುವುದು ಒಂದು ಬಲ್ಬು. ನಮ್ಮ ಮನೆಯಲ್ಲಿ ಕಾರಿದೆ, ಲಾರಿ ಇದೆ, ಏಸಿ ಇದೆ. ಹೊಗೆ ಯಾರದು, ಕಾವು ಯಾರಿಗೆ? ಆ ದಿನ ದಾರಿಯಲ್ಲೇ ಡ್ರೈವರ್ ಜಾಕೀರನಿಗೆ ಗಾಡಿಯನ್ನು ನಮ್ಮ ಮನೆಗೇ ಬಿಡು ಎಂದೆ.

ಕೂಲಿಯವಳನ್ನು ಮನೆಯೊಳಗೆ ಇಟ್ಟುಕೊಂಡರು ಎಂದು ನಮ್ಮ ಬಳಗದಲ್ಲಿ ಮಾತು ಎದ್ದಿತು. ನಮ್ಮ ಮನೆಯವರು ಒಂದು ಸಂಜೆ ಅಂಗಡಿಯಿಂದ ಬರುವಾಗ ಸೀಮಂತದ ಹಸಿರು ಸೀರೆ ತಂದು ನನ್ನ ಕೈಯಲ್ಲಿಟ್ಟು, “ಆಕೀ ಕುಬಸಾ ಮತ್ತ್ಯಾರು ಮಾಡಬೇಕು?” ಎಂದು ಕೈಕಾಲು ತೊಳೆಯಲು ಹೋದರು.

ಇನ್ನು ಪರಿಹಾರ. ಕೇಂದ್ರದ ತಗಡಿಗೆ ನಮ್ಮೂರಲ್ಲಿ ಸುಣ್ಣ ಹೊಡೆಯುವ ಮೌಲಾಸಾಬ ದಪ್ಪಗೆ ಸುಣ್ಣ ಬಳಿದುಕೊಟ್ಟ, ಒಳಗಿನ ಕಾವು ಕಡಿಮೆಯಾಯಿತು. ಈಗ ನಸುಕಿನಲ್ಲಿ ಒಲೆ ಹೊತ್ತಿಸಿ ಬಿಸಿಲೇರುವ ಮೊದಲೇ ಆರಿಸುತ್ತೇವೆ. ಮಧ್ಯಾಹ್ನ ಬಿಸಿರೊಟ್ಟಿ ಕೇಳಿದವರಿಗೆ ಖಡಕ್ ರೊಟ್ಟಿ ಕೊಡುತ್ತೇವೆ. ಅವರು ಗೊಣಗುತ್ತಾರೆ, ತಿನ್ನುತ್ತಾರೆ. ನೀಲಾಳ ಓಣಿಯ ತಗಡುಗಳಿಗೂ ಸುಣ್ಣ ಆಗಿದೆ, ಬೇವಿನ ಸಸಿ ಹಚ್ಚಿದ್ದೇವೆ. ಆದರೆ ಸುಣ್ಣ ಬಳಿದರೆ ಆಕಾಶ ತಣ್ಣಗಾಗುತ್ತದೆಯೇ? ಇಲ್ಲ. ಹೊಗೆ ಕಡಿಮೆ ಮಾಡುವ ದೊಡ್ಡ ಕೆಲಸವನ್ನು ದೊಡ್ಡವರು ಮಾಡಲೇಬೇಕು. ಮಾಡಿ ಎಂದು ನೀವು ಓದಿದವರು ಬಿಡದೆ ಕೇಳಬೇಕು. ಅಲ್ಲಿಯವರೆಗೆ ಪಕ್ಕದಲ್ಲಿ ಕೂತವರ ಮೈ ಮುಟ್ಟಿ ನೋಡುವ ಕೆಲಸ ನಮ್ಮದು.

ಮೇ ಕೊನೆಯಲ್ಲಿ ನೀಲಾಳಿಗೆ ಹೆಣ್ಣು ಕೂಸು ಹುಟ್ಟಿತು. ಬಾಣಂತಿಯ ಮಂಚದ ಕೆಳಗೆ ಕೆಂಡ ಇಟ್ಟು ಕಿಟಕಿ ಮುಚ್ಚುವುದು ನಮ್ಮ ಹಿರಿಯರ ರೂಢಿ. ನಾನು ಕೆಂಡ ಇಡಲಿಲ್ಲ, ಕಿಟಕಿ ತೆರೆದೆ. ಅತ್ತೆಯವರು ಇದ್ದಿದ್ದರೆ ಬೈಯುತ್ತಿದ್ದರು.

ಊಟಕ್ಕೆ ನಿಲ್ಲಬೇಕೆಂದು ಪ್ರಾಚಾರ್ಯರು ಹೇಳಿದರು. ತಪ್ಪು ತಿಳಿಯಬೇಡಿ, ನಾನು ಹೋಗಲೇಬೇಕು. ನಾಳೆ ಕೂಸಿಗೆ ಹೆಸರಿಡುತ್ತೇವೆ. ಪರಶು ಗೋವಾದಿಂದ ಬಂದಿದ್ದಾನೆ. ನಮ್ಮ ಮನೆಯವರು ಬೆಳಗಿನಿಂದ ಕುರ್ಚಿ ಹತ್ತಿ, ಪ್ರತಿ ಕೋಣೆಯ ಚಾವಣಿಯ ಜಂತಿಗೂ ಅಂಗೈ ಇಟ್ಟು ನೋಡುತ್ತಿದ್ದಾರೆ, ಯಾವುದು ತಂಪಾಗಿದೆ ಎಂದು. ತೊಟ್ಟಿಲು ಎಲ್ಲಿ ಕಟ್ಟಬೇಕೆಂದು ನಮ್ಮಿಬ್ಬರಿಗೂ ಗೊತ್ತಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟುತ್ತಿರುವುದು ಇದೇ ಮೊದಲು.

ಎಲ್ಲರೂ ಬರಬೇಕು. ಸಮಾಧಾನದಿಂದ ಕೇಳಿದ ನಿಮಗೆ ನಾನು ಋಣಿ. ನಮಸ್ಕಾರ.